ತೊಲೆಗೊಂದು ಫ್ರಿಲ್

ನನಗೊಂದು ಅಭ್ಯಾಸವಿದೆ. ಕೆಟ್ಟದ್ದೆನ್ನಲು ನನಗೆ ಮನಸ್ಸಿಲ್ಲ, ಒಳ್ಳೆಯದೆಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಯಾವ ವಸ್ತುವನ್ನು ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಅದರ ಅಂಚಿಗೆ. ಮದುವೆಗೆ ಹೋದರೆ ಎಲ್ಲರೂ ಮದುಮಗಳ ಮುಖ ನೋಡುತ್ತಾರೆ. ನಾನು ಅವಳ ವೇಲಿನ ಕೊನೆಯ ಲೇಸು ಕೈಹೊಲಿಗೆಯದ್ದೋ ಮೆಷಿನ್ನಿನದ್ದೋ ಎಂದು ನೋಡುತ್ತೇನೆ. ಇದು ಕಾನ್ವೆಂಟಿನಲ್ಲಿ ಅಂಟಿದ ಜಾಡ್ಯ. ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ನಾವು ವಾರಗಟ್ಟಲೆ ಕಣ್ಣು ಕಿರಿದಾಗಿಸಿ ಕಸೂತಿ ಹಾಕಿದ ಕರವಸ್ತ್ರವನ್ನು ತೆಗೆದುಕೊಂಡು, ನಡುವಿನ ಗುಲಾಬಿಯನ್ನು ನೋಡುತ್ತಲೇ ಇರಲಿಲ್ಲ. ಸೀದಾ ಮಗುಚಿ, ಅಂಚಿನ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು. ಹೆಬ್ಬೆರಳು ಎಲ್ಲಾದರೂ ತಡೆದರೆ ಗುಲಾಬಿಯ ಕತೆ ಮುಗಿಯಿತು. ಹೀಗೆ ಏಳು ವರ್ಷ ಬೆಳೆದವಳು ಮದುವೆಯಾಗಿ ಫಳ್ನೀರಿನ ಈ ಮನೆಗೆ ಬಂದ ಮೊದಲ ಕ್ರಿಸ್ಮಸ್ಸಿಗೇ ನೆವ್ರಿಗಳ, ಅಂದರೆ ಕರ್ಜಿಕಾಯಿಗಳ, ಅಂಚನ್ನು ಹಲ್ಲಿನ ಚಕ್ರದಲ್ಲಿ ಒಂದೊಂದಾಗಿ ಕತ್ತರಿಸುತ್ತ ಕುಳಿತೆ. ನನ್ನ ಅತ್ತೆ, ಅವರನ್ನು ನಾವೆಲ್ಲ ಮಾಂಯ್ ಎನ್ನುತ್ತೇವೆ, ಒಂದರ್ಧ ಗಂಟೆ ನೋಡಿ, "ಬಾಯೆ, ಹೊಟ್ಟೆಯೊಳಗೆ ಕನ್ನಡಿ ಇಲ್ಲ. ಬೇಗ ಬೇಗ ಕರಿ" ಎಂದರು.

ಆ ಮಾತಿನ ಮೇಲೆ ಒಂಬತ್ತು ವರ್ಷ ಕಳೆದವು. ಈ ಒಂಬತ್ತು ವರ್ಷಗಳಲ್ಲಿ ನಾನು ಈ ಮನೆಯಲ್ಲಿ ಯಾವುದೂ ಬೇಕೆಂದು ಹಟ ಹಿಡಿದವಳಲ್ಲ. ಪರದೆಯ ಬಣ್ಣ ಮಾಂಯ್‌ಯದ್ದು, ರೇಡಿಯೋ ನಮ್ಮವರದ್ದು, ಅಂಗಳದ ಬಿಂಬುಲಿ ಮರ ಯಾವ ಕಾಲದಿಂದಲೋ ಅಲ್ಲೇ ಇರುವಂಥದ್ದು. ನನ್ನದೆಂದು ಬೊಟ್ಟು ಮಾಡಿ ತೋರಿಸಲು ಹೊಲಿಗೆಯ ಮೆಷಿನ್ ಒಂದು ಬಿಟ್ಟರೆ ಏನೂ ಇರಲಿಲ್ಲ. ಅದೂ ತವರಿನಿಂದ ನನ್ನ ಜೊತೆಗೇ ಬಂದದ್ದು. ದುಃಖವೆಂದು ಹೇಳುತ್ತಿಲ್ಲ. ಬೇಕೆನಿಸಿರಲಿಲ್ಲ, ಅಷ್ಟೆ. ಬೇಕೆನಿಸಿದ್ದು ಆ ಆರು ತೊಲೆಗಳು ಅಂಗಳಕ್ಕೆ ಬಂದ ದಿನ.

ನಮ್ಮ ಮನೆಯ ಮುಂದಿನ ಚಾವಡಿಗೆ ಅಲ್ಲಿಯ ತನಕ ತೆಂಗಿನ ಮಡಲಿನ ಮಾಡು. ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದುಕೊಂಡು ತನ್ನ ಮನೆಯ ಚಾವಡಿಗೆ ಹೆಂಚಿಲ್ಲವೆಂದರೆ ಜನ ನಗುತ್ತಾರೆಂದು ಕೊನೆಗೂ ನಮ್ಮವರಿಗೆ ಅನಿಸಿತು. ಬಂದರಿನ ಕಡೆಯಿಂದ ಎರಡು ಎತ್ತಿನ ಗಾಡಿಗಳಲ್ಲಿ ಆರು ಕಿರಾಲ್‌ಬೋಗಿ ತೊಲೆಗಳು ಬಂದವು. ಕಿರಾಲ್‌ಬೋಗಿ ಎಂದರೆ ನಮ್ಮ ಕಡೆಯ ಮರಗಳಲ್ಲಿ ಕಬ್ಬಿಣದ ತಮ್ಮ. ಗೆದ್ದಲು ಕೂಡ ಅದನ್ನು ನೋಡಿ ಪಕ್ಕದ ಮನೆಗೆ ಹೋಗುತ್ತದಂತೆ. ಎಂಟು ಇಂಚು ಎತ್ತರ, ಆರು ಇಂಚು ಅಗಲ, ಕಾಫಿಯ ಬಣ್ಣ. ಗೋಡೆಯ ಮೇಲಿಂದ ಹಾದು ಒಂದೂವರೆ ಅಡಿ ಹೊರಗೆ ಚಾಚಿಕೊಳ್ಳಬೇಕಾದವು. ರಸ್ತೆಯಲ್ಲಿ ಹೋಗುವವರಿಗೆ ಕಾಣುವುದು ಆ ಒಂದೂವರೆ ಅಡಿ ಮಾತ್ರ. ನಾನು ಅಂಗಳಕ್ಕಿಳಿದು ನೋಡಿದೆ. ಆರು ತುದಿಗಳೂ ತಲೆ ಕಡಿದ ಬಂಗಡೆ ಮೀನಿನ ಹಾಗೆ ಮೊಟಕಾಗಿ ನನ್ನನ್ನು ನೋಡಿದವು.

ನಮ್ಮ ಕಾನ್ವೆಂಟಿನ ಚಾಪೆಲ್ಲಿನ ಜಗಲಿಯ ತೊಲೆಗಳಿಗೆ ತುದಿಯಲ್ಲಿ ಒಂದು ಬಾಗು ಇತ್ತು. ಮೊದಲು ಪಾರಿವಾಳದ ಎದೆಯ ಹಾಗೆ ಉಬ್ಬಿ, ಆಮೇಲೆ ಒಳಕ್ಕೆ ಸರಿದು, ಕೊನೆಗೆ ಸಣ್ಣ ಕೊಕ್ಕಿನಲ್ಲಿ ನಿಲ್ಲುವುದು. ಮಳೆ ಬಿಡುವುದನ್ನು ಕಾಯುತ್ತ ಆ ಜಗಲಿಯಲ್ಲಿ ನಿಂತ ದಿನಗಳಲ್ಲಿ ನಾನು ಆ ಬಾಗನ್ನು ಕಣ್ಣಿನಿಂದಲೇ ನೂರಾರು ಸಲ ಗೀಚಿದ್ದೆ. ಆ ದಿನ ಊಟದ ಹೊತ್ತಿಗೆ ಮೀನಿನ ಸಾರು ಬಡಿಸುತ್ತ, "ಆ ತೊಲೆಗಳ ತುದಿಯನ್ನು ಬಾಗಾಗಿ ಕತ್ತರಿಸಬೇಕು" ಎಂದೆ. ನಾನೇ ಹೇಳಿದೆನೇ ಎಂದು ನನಗೇ ಆಶ್ಚರ್ಯವಾಯಿತು. ಮನೆಯಲ್ಲಿ ನಾವು ಆಡುವುದು ಕೊಂಕಣಿ; ಆ ಭಾಷೆಯಲ್ಲಿ ನನ್ನ ಬಾಯಿಂದ 'ಬೇಕು' ಎಂಬ ಪದ ಬಂದು ಬಹಳ ಕಾಲವಾಗಿತ್ತು.

"ಎಂತ?" ಎಂದರು ಮಾಂಯ್. "ತೊಲೆಗೆ ಫ್ರಿಲ್ಲಾ?"

"ಫ್ರಿಲ್ ಅಲ್ಲ ಮಾಂಯ್. ಒಂದು ಬಾಗು."

"ಮಾಡು ಹೊರಲಿಕ್ಕೆ ಇರುವ ಮರ ಅದು. ನಾಳೆ ಕಂಬಕ್ಕೆ ಪೆಟಿಕೋಟ್ ಹೊಲಿಸಬೇಕು ಅಂತಿ."

ನಮ್ಮವರು ಮೀನಿನ ಮುಳ್ಳು ಬಿಡಿಸುತ್ತ, "ನೆವ್ರಿ ಕತ್ತರಿಸುವ ಚಕ್ರ ಉಂಟಲ್ಲ ನಿನ್ನ ಹತ್ತಿರ, ಅದನ್ನೇ ಆಚಾರಿಗೆ ಕೊಡು ಮಾರಾಯ್ತಿ" ಎಂದು ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ನಾನು ನಗಲಿಲ್ಲ. ಮಾಂಯ್ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅವರು ಕಠಿಣ ಹೃದಯದವರಲ್ಲ. ಆದರೆ ಅವರ ನ್ಯಾಯಕ್ಕೆ ನಿಯಮ ಬೇಕು. "ಸರಿ. ಶನಿವಾರ ಬೆಳಿಗ್ಗೆ ತೊಲೆ ಎತ್ತಲಿಕ್ಕೆ ಬಂದರಿನಿಂದ ಎಂಟು ಜನ ಬರುತ್ತಾರೆ. ಅಷ್ಟರೊಳಗೆ ಆರೂ ಆಗಬೇಕು. ಆಚಾರಿಯ ಕೈಯಲ್ಲಿ ಒಂದೇ ಒಂದು ಹಾಳಾದರೂ ಆರನ್ನೂ ನೆಟ್ಟಗೆ ಕತ್ತರಿಸಿ ಹಾಕಿಸುತ್ತೇನೆ. ಐದು ಬಾಗಿ ಒಂದು ನೆಟ್ಟಗಿದ್ದರೆ ಬೀಡಿ ಸೇದುವವನ ಹಲ್ಲಿನ ಹಾಗೆ ಕಾಣುತ್ತದೆ." ಅಂದು ಸೋಮವಾರ. ನಾನು ಒಪ್ಪಿದೆ. ಒಂಬತ್ತು ವರ್ಷಗಳ ನಂತರ ಕೇಳಿದ ಒಂದೇ ಒಂದು ಆಸೆ. ಅದಕ್ಕಿದ್ದದ್ದು ಐದು ದಿನ, ಆರು ತುದಿ.

ಬಡಗಿ ಸಂಕಪ್ಪ ಆಚಾರಿ ಕೊಟ್ಟಾರದಿಂದ ನಡೆದು ಬರುತ್ತಿದ್ದವರು. ಅರವತ್ತರ ಹತ್ತಿರದ ವಯಸ್ಸು, ಕಿವಿಯಲ್ಲಿ ಪೆನ್ಸಿಲ್, ಬಾಯಿಯಲ್ಲಿ ಸದಾ ವೀಳ್ಯ. ಮಾತು ಕಡಿಮೆ, ಇದ್ದ ಮಾತನ್ನೂ ವೀಳ್ಯ ಅರ್ಧ ನುಂಗುತ್ತಿತ್ತು. ಅವರಿಗೆ ತೋರಿಸಲೆಂದು ನಾನು ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಆ ಬಾಗಿನ ನಮೂನೆ ಕತ್ತರಿಸಿದೆ. ನೆನಪಿನಿಂದ ಬರೆದು, ಅಳಿಸಿ, ಸಾಸರಿನ ಸುತ್ತು ಎಳೆದು ಸರಿಮಾಡಿದೆ. ನಿಜ ಹೇಳುತ್ತೇನೆ, ಚಂದವಾಗಿ ಬಂದಿತ್ತು. ಮಂಗಳವಾರ ಬೆಳಿಗ್ಗೆ ಆಚಾರಿ ಅದನ್ನು ತೊಲೆಯ ಬದಿಗೆ ಇಟ್ಟರು. ಎತ್ತಿ ಮತ್ತೊಮ್ಮೆ ಇಟ್ಟರು. ಆಮೇಲೆ ಅಂಗಳದ ಮೂಲೆಗೆ ಹೋಗಿ ಉಗುಳಿ ಬಂದರು. ಅವರು ಪೂರ್ಣ ವಾಕ್ಯ ಹೇಳಲು ಹೊರಟರೆ ಹಾಗೆ ಮಾಡುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು.

"ಬಾಯಮ್ಮ, ಇದು ಸುತ್ತಲೂ ಅರ್ಧ ಇಂಚು ಜಾಸ್ತಿ ಉಂಟಲ್ಲ? ತೊಲೆಯಿಂದ ಹೊರಗೆ ಬರ್ತದೆ."

"ಅದು ಒಳಗೆ ಮಡಚಲಿಕ್ಕೆ ಬಿಟ್ಟದ್ದು" ಎಂದೆ ನಾನು.

ನಾನು ಎಂತಹ ಮಾತು ಆಡಿದೆನೆಂದು ನನಗೆ ಹೊಳೆದದ್ದು ಆಚಾರಿಯ ಹುಬ್ಬು ಮೇಲೆ ಹೋದ ಮೇಲೆ. ಹದಿನೈದು ವರ್ಷಗಳಿಂದ ಫ್ರಾಕು, ಕಾಲರು, ದಿಂಬಿನ ಚೀಲಗಳ ನಮೂನೆ ಕತ್ತರಿಸಿದ ಕೈ. ಹೊಲಿಗೆಗೆ ಅರ್ಧ ಇಂಚು ಬಿಡದೆ ಕತ್ತರಿಯನ್ನು ಕೆಳಗಿಟ್ಟದ್ದೇ ಇಲ್ಲ. ಕೈ ತನ್ನಷ್ಟಕ್ಕೆ ಬಿಟ್ಟಿತ್ತು.

"ಕಿರಾಲ್‌ಬೋಗಿಯನ್ನು ಮಡಚುವುದು ನಾನು ಈವರೆಗೆ ನೋಡ್ಲಿಲ್ಲ" ಎಂದರು ಆಚಾರಿ, ಬಹಳ ಗಂಭೀರವಾಗಿ. "ನೀವು ಒಮ್ಮೆ ತೋರಿಸಿದ್ರೆ ಕಲೀತೇನೆ."

ಕಿಟಕಿಯ ಒಳಗಿನಿಂದ ಮಾಂಯ್ ಕೆಮ್ಮಿದ್ದು ಕೇಳಿಸಿತು. ಅವರ ಕೋಣೆಯ ಕಿಟಕಿ ಅಂಗಳಕ್ಕೇ ತೆರೆಯುತ್ತದೆ. ಗಂಟಲಿಗೆ ಏನೂ ಆಗಿರಲಿಲ್ಲ.

ರಟ್ಟನ್ನು ಅರ್ಧ ಇಂಚು ಕಡಿಮೆ ಮಾಡಿದೆ. ಆದರೆ ನಿಜವಾದ ತೊಂದರೆ ಅಲ್ಲಿಂದ ಶುರು. ಬಾಗನ್ನು ಬರೆಯಲು ಪೆನ್ಸಿಲ್ ಸಾಕು. ಆರು ಇಂಚು ದಪ್ಪದ ಕಬ್ಬಿಣದ ತಮ್ಮನಿಂದ ಅದನ್ನು ಹೊರಗೆ ತೆಗೆಯಲು ಎಂತ ಹಿಡಿಯಬೇಕು? ಪುಣ್ಯಕ್ಕೆ ತೊಲೆಗಳ ಜೊತೆ ಬಂದ ಒಂದು ಮೋಟು ತುಂಡು ಇತ್ತು. ಮೊದಲು ಅದರ ಮೇಲೆ ಪ್ರಯೋಗವಾಗಲಿ ಎಂದೆ. ಆಚಾರಿ ತಮ್ಮ ಬಾಚಿಯನ್ನು ತೆಗೆದರು. ಗುದ್ದಲಿಯ ಮೊಮ್ಮಗುವಿನ ಹಾಗಿರುವ ಆ ಹತಾರಿನಿಂದ ಅವರು ಹಲಸಿನ ಮರವನ್ನು ಬೆಣ್ಣೆಯ ಹಾಗೆ ಕೆತ್ತುತ್ತಿದ್ದುದನ್ನು ನಾನು ನೋಡಿದ್ದೇನೆ. ಮೂರು ಏಟು ಸರಿ ಬಿತ್ತು. ನಾಲ್ಕನೆಯದಕ್ಕೆ ಅಂಗೈಯಗಲದ ಸಿಬಿರು ಹಾರಿ ಬಿಂಬುಲಿ ಮರದ ಬುಡಕ್ಕೆ ಹೋಗಿ ಬಿತ್ತು. ಗೆರೆಯಿಂದ ಎರಡು ಇಂಚು ಕೆಳಗಿನ ತನಕ ಮರ ಬಾಯಿ ತೆರೆಯಿತು. "ಹಲಸಾದ್ರೆ ಹೇಳಿದ್ದು ಕೇಳ್ತದೆ. ಇದು ಕೇಳುವ ಜಾತಿಯ ಮರ ಅಲ್ಲ ಬಾಯಮ್ಮ. ನೆಟ್ಟಗೆ ಕತ್ತರಿಸುವ" ಎಂದರು. ಒಳಗಿನಿಂದ ಕೆಮ್ಮು.

ನಾನು ಕೊಡೆ ಹಿಡಿದು ಬಂದರಿಗೆ ಹೊರಟೆ. ಕಬ್ಬಿಣದ ಸಾಮಾನಿನ ಅಂಗಡಿಗೆ ಹೆಂಗಸರು ಹೋಗುವುದು ಆಗ ಅಪರೂಪ. ಹೋದರೂ ಬಾಗಿಲ ಕೊಕ್ಕೆಗೋ ತೆಂಗಿನಕಾಯಿ ತುರಿಯುವ ಮಣೆಗೋ. ಅಂಗಡಿಯ ಇದ್ದಿನಬ್ಬ ಸಾಹೇಬರು ಬಹಳ ಮರ್ಯಾದಸ್ಥರು. ಸ್ಟೂಲನ್ನು ಒರೆಸಿ ಕೂರಿಸಿ, "ಎಂತ ಆಗ್ಬೇಕಿತ್ತು ಬಾಯಮ್ಮ? ಮೆಟ್ಟುಕತ್ತಿಯಾ?" ಎಂದರು.

"ದಪ್ಪ ಮರವನ್ನು ಬಾಗಾಗಿ ಕತ್ತರಿಸುವ ಗರಗಸ ಬೇಕು."

ಅವರು ನನ್ನ ಹಿಂದೆ ಯಾರಾದರೂ ಗಂಡಸರು ನಿಂತಿದ್ದಾರೋ ಎಂದು ಒಮ್ಮೆ ಇಣುಕಿ ನೋಡಿ, ಒಳಗಿನಿಂದ ಒಂದು ಬಿಲ್ಲುಗರಗಸ ತಂದರು. ಮರದ ಚೌಕಟ್ಟಿನಲ್ಲಿ ಹಗ್ಗದಿಂದ ಬಿಗಿದ, ರಿಬ್ಬನ್ನಿನಷ್ಟು ಸಣ್ಣ ಅಲಗಿನದ್ದು. ಎಷ್ಟು ನಾಜೂಕಾಗಿತ್ತೆಂದರೆ ಕೊಳಲಿನವನ ಪಕ್ಕದಲ್ಲಿ ಕುಳಿತು ಪಿಟೀಲಿನ ಹಾಗೆ ಬಾರಿಸಬಹುದು ಎನ್ನಿಸುತ್ತಿತ್ತು. "ಇದು ಹೇಗೆ ಬೇಕಾದ್ರೂ ತಿರುಗ್ತದೆ" ಎಂದರು ಸಾಹೇಬರು. ತಿರುಗಿದ್ದು ಸತ್ಯ. ಬುಧವಾರ ಬೆಳಿಗ್ಗೆ ಆಚಾರಿ ಮೋಟು ತುಂಡಿನ ಇನ್ನೊಂದು ತುದಿಯಲ್ಲಿ ಅದನ್ನು ಆಡಿಸಿದರು. ನಾನು ನಿಂತ ಬದಿಯಲ್ಲಿ ಅಲಗು ಗೆರೆಯ ಮೇಲೆ ಕೂದಲೆಳೆ ತಪ್ಪದೆ ಬಂತು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಆಚೆ ಬದಿಗೆ ಹೋಗಿ ನೋಡಿದರೆ ಅಲಗು ಗೆರೆಯನ್ನು ಬಿಟ್ಟು ಹೆಬ್ಬೆರಳಿನಷ್ಟು ದೂರ ತನ್ನದೇ ದಾರಿ ಹಿಡಿದಿತ್ತು. ಬಟ್ಟೆಯನ್ನು ನಾಲ್ಕು ಪದರ ಮಾಡಿ ಮೊಂಡು ಕತ್ತರಿಯಲ್ಲಿ ಕತ್ತರಿಸಿದರೆ ಮೇಲಿನ ಪದರ ಸರಿಯಾಗಿರುತ್ತದೆ, ಅಡಿಯದ್ದು ಯಾರ ಮೈಗೂ ಆಗುವುದಿಲ್ಲ. ಹಾಗೆ. ಇಷ್ಟು ದಪ್ಪದ ಮರದಲ್ಲಿ ಆ ಸಣ್ಣ ಅಲಗಿಗೆ ನೆಟ್ಟಗೆ ನಿಲ್ಲುವ ಶಕ್ತಿಯಿಲ್ಲ. ಸಾಹೇಬರು ಗರಗಸವನ್ನು ಹಿಂದಕ್ಕೆ ತೆಗೆದುಕೊಂಡರು. ಮರ್ಯಾದಸ್ಥರೆಂದು ಮೊದಲೇ ಹೇಳಿದೆನಲ್ಲ.

ಅಂದು ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರಿಗೂ ಹುರುಪು ಬಂತು. ಆಗಷ್ಟೇ ಅಡಿ ಇಂಚು ಹೋಗಿ ಮೀಟರು ಬರುತ್ತಿದ್ದ ಕಾಲ. ಆಫೀಸಿನಲ್ಲಿ ಅವರಿಗೊಂದು ಹೊಸ ಟೇಪು ಕೊಟ್ಟಿದ್ದರು. ಅದನ್ನು ಉಪಯೋಗಿಸಲು ಕಾರಣ ಹುಡುಕುತ್ತಿದ್ದರು. "ಬೈರಿಗೆ ಹಿಡಿದು ಗೆರೆಯ ಉದ್ದಕ್ಕೂ ಒಂದು ಸೆಂಟಿಮೀಟರಿಗೆ ಒಂದು ತೂತು ಕೊರೆದರಾಯಿತು. ಅಂಚೆ ಚೀಟಿಯ ಹಾಗೆ ಹರಿದು ಬರುತ್ತದೆ" ಎಂದರು. ಆಚಾರಿ ಸೆಂಟಿಮೀಟರನ್ನು ಟೇಪಿನಲ್ಲಿ ನೋಡಿ, "ಇದು ಯಾರ ಬೆರಳು?" ಎಂದು ಕೇಳಿದರು. ನಾಲ್ಕು ತೂತು ಕೊರೆಯುವಷ್ಟರಲ್ಲಿ ಬೈರಿಗೆಯ ಮೂಗು ಬಿಸಿಯಾಗಿ ಹೊಗೆ ಬಂತು. ತುಂಡು ಹರಿದು ಬಂದ ಅಂಚನ್ನು ನೋಡಿದರೆ ಇಲಿ ತಿಂದ ಪಾವು ಬ್ರೆಡ್ಡು. ಅದನ್ನು ಅರದಿಂದ ಉಜ್ಜಿ ನುಣುಪು ಮಾಡುವಾಗ ಬರುವ ಶನಿವಾರವಲ್ಲ, ಈಸ್ಟರ್ ಬರುತ್ತಿತ್ತು. ನಮ್ಮವರು ಟೇಪನ್ನು ಸುತ್ತಿಕೊಂಡು ಆಫೀಸಿಗೆ ಹೋದರು.

ಮೋಟು ತುಂಡಿನಲ್ಲಿ ಇನ್ನು ಜಾಗ ಉಳಿಯಲಿಲ್ಲ. ಸಂಜೆ ಆಚಾರಿ ಹತಾರುಗಳನ್ನು ಗೋಣಿಯಲ್ಲಿ ಸುತ್ತುತ್ತ, "ನಾಳೆ ಬಂದು ನೆಟ್ಟಗೆ ಕತ್ತರಿಸಿಬಿಡ್ತೇನೆ ಬಾಯಮ್ಮ. ನೀವು ಬೇಜಾರು ಮಾಡ್ಬೇಡಿ. ಮೇಲೆ ಹೋದ ಮೇಲೆ ಯಾರು ನೋಡ್ತಾರೆ?" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಾನು ನೋಡುತ್ತೇನಲ್ಲ? ಗೇಟು ತೆರೆಯುವಾಗಲೆಲ್ಲ, ಹಾಲಿನವನು ಕೂಗಿದಾಗಲೆಲ್ಲ, ಇನ್ನು ಮೂವತ್ತು ವರ್ಷ ಆ ಆರು ಮೊಂಡು ಮುಖಗಳನ್ನು ನೋಡಬೇಕಾದವಳು ನಾನೇ. "ನಾಳೆ ಹತ್ತು ಗಂಟೆಯ ತನಕ ಗರಗಸ ಮುಟ್ಟಬೇಡಿ" ಎಂದೆ. ಹತ್ತು ಗಂಟೆಗೆ ಎಂತ ಆಗುತ್ತದೆಂದು ನನಗೂ ಗೊತ್ತಿರಲಿಲ್ಲ. ಹೇಳಿದ ಸ್ವರ ಮಾತ್ರ ನಮ್ಮ ಸಿಸ್ಟರಿನದ್ದೇ ಆಗಿತ್ತು. ಆಚಾರಿ ತಲೆಯಾಡಿಸಿ ಹೋದರು.

ಗುರುವಾರ ಬೆಳಿಗ್ಗೆ ಮನಸ್ಸನ್ನು ಎಲ್ಲಾದರೂ ಹಾಕಬೇಕೆಂದು ಮೆಷಿನ್ನಿನ ಮುಂದೆ ಕುಳಿತೆ. ಮಗಳ ಫ್ರಾಕಿನ ದುಂಡು ಕಾಲರು ಬಾಕಿಯಿತ್ತು. ಹೊಲಿದು, ಮಗುಚುವ ಮೊದಲು ಕತ್ತರಿಯ ತುದಿಯಿಂದ ಅಂಚಿನಲ್ಲಿ ಸಣ್ಣ ಸಣ್ಣ ಸೀಳು ಹಾಕಿದೆ. ದುಂಡು ಹೊಲಿಗೆ ಮಾಡುವವರಿಗೆ ಗೊತ್ತು: ಬೆರಳಿನಗಲಕ್ಕೊಂದರಂತೆ ಹೊಲಿಗೆಯ ಗೆರೆಯವರೆಗೆ, ಗೆರೆಯನ್ನು ಮುಟ್ಟದೆ, ನೆಟ್ಟಗಿನ ಸೀಳು ಹಾಕಿದರೆ ಬಟ್ಟೆ ಎಷ್ಟು ಬೇಕಾದರೂ ದುಂಡಗೆ ತಿರುಗುತ್ತದೆ. ಐದನೆಯ ಸೀಳು ಹಾಕುತ್ತಿದ್ದಾಗ ನನ್ನ ಕತ್ತರಿ ನಿಂತಿತು. ಸೀಳುಗಳೆಲ್ಲ ನೆಟ್ಟಗೆ; ಬಂದ ಅಂಚು ದುಂಡಗೆ!

ಕಾಲರನ್ನು ಹಿಡಿದುಕೊಂಡೇ ಅಂಗಳಕ್ಕೆ ಓಡಿದೆ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲವೆಂದು ಮಾಂಯ್ ಇವತ್ತಿಗೂ ಹೇಳುತ್ತಾರೆ. "ಆಚಾರಿ, ನೋಡಿ. ತೊಲೆಯನ್ನು ಮಗುಚಿ ಹಾಕಿ. ನಿಮ್ಮ ದೊಡ್ಡ ನೆಟ್ಟಗರಗಸದಿಂದಲೇ ಹೀಗೆ ಬೆರಳಿಗೊಂದು ಸೀಳು ಹಾಕಿ, ಬಾಗಿನ ಗೆರೆಯವರೆಗೆ. ಎರಡೂ ಬದಿಯಲ್ಲಿ ಗೆರೆ ಉಂಟಲ್ಲ, ಎರಡನ್ನೂ ನೋಡಿಕೊಂಡು ಕೊಯ್ಯಬಹುದು, ಅಲಗು ಓಡಿಹೋಗಲಿಕ್ಕಿಲ್ಲ. ಆಮೇಲೆ ನಡುವಿನ ತುಂಡುಗಳನ್ನು ಉಳಿಯಿಂದ ಒಂದೊಂದಾಗಿ ತೆಗೆಯಿರಿ. ಸೀಳು ಇದ್ದಲ್ಲಿಗೆ ಮರ ನಿಲ್ಲುತ್ತದೆ, ಮುಂದಕ್ಕೆ ಬಿರಿಯುವುದಿಲ್ಲ."

ಆಚಾರಿ ಕಾಲರನ್ನು ತೆಗೆದುಕೊಂಡು ಬೆರಳಿಗೆ ಸುತ್ತಿ ತಿರುಗಿಸಿ ನೋಡಿದರು. ತೊಲೆಯನ್ನು ನೋಡಿದರು. ಮೂಲೆಗೆ ಹೋಗಿ ಉಗುಳಿ ಬಂದರು. "ನನ್ನ ಅಜ್ಜ ಹೀಗೆ ಮಾಡುದನ್ನು ಸಣ್ಣದಿರುವಾಗ ನೋಡಿದ್ದೆ. ಈಗ ನೆನಪಾಯ್ತು." ಸ್ವಲ್ಪ ತಡೆದು, "ನೀವು ಹೇಳಿದ್ದಕ್ಕೆ ಅಲ್ಲ. ತನ್ನಷ್ಟಕ್ಕೆ ನೆನಪಾದದ್ದು" ಎಂದರು.

"ಆಗಲಿ, ಅಜ್ಜನ ಹಾಗೆಯೇ ಮಾಡಿ" ಎಂದೆ. ಗಂಟೆ ಹತ್ತಾಗಲು ಇನ್ನೂ ಹತ್ತು ನಿಮಿಷವಿತ್ತು.

ಗರಗಸ ಅವರದ್ದೇ ಸಾಕು. ಆದರೆ ಉಳಿ? ಅವರ ಉಳಿಗಳು ಉಜ್ಜಿ ಉಜ್ಜಿ ಸವೆದು ಬೆರಳಿನಷ್ಟಾಗಿದ್ದವು. ಉಬ್ಬಿಗೆ ಒಂದು ಅಗಲದ ಚಪ್ಪಟೆ ಉಳಿ, ಒಳಬಾಗಿಗೆ ಉಗುರಿನ ಹಾಗೆ ಬಾಗಿದ ಬಾಯಿಯದ್ದು ಇನ್ನೊಂದು ಬೇಕೆಂದರು. ಪುನಃ ಬಂದರಿಗೆ ಹೊರಟೆ. ಉಳಿಯ ಬಾಯಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟರೆ ಜಾರಬಾರದು, ಕಚ್ಚಿ ನಿಲ್ಲಬೇಕು ಎಂದು ಆಚಾರಿ ಹೇಳಿಕೊಟ್ಟಿದ್ದರು. ಇದ್ದಿನಬ್ಬ ಸಾಹೇಬರ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಒಂದೊಂದೇ ಉಳಿಯನ್ನು ಉಗುರಿಗಿಟ್ಟು ನೋಡುತ್ತ ಹೋದೆ. ಸಾಹೇಬರು ಕಣ್ಣು ಮುಚ್ಚಿಕೊಂಡು, "ಅಲ್ಲಾ, ರಕ್ತ ಬಂದ್ರೆ ಮನೆಯವರಿಗೆ ನಾನು ಎಂತ ಹೇಳುದು ಬಾಯಮ್ಮ?" ಎಂದರು. ಹನ್ನೊಂದು ಉಳಿಗಳಲ್ಲಿ ಎರಡು ಕಚ್ಚಿದವು. ಏಳುವಾಗ ಅರ್ಧ ಇಂಚಿನ ಪುಟ್ಟದೊಂದು ಕಣ್ಣಿಗೆ ಬಿತ್ತು. ಹಿಡಿ ರೋಸ್‌ವುಡ್ಡಿನದ್ದು, ಕೈಗೆ ಲಿಪ್‌ಸ್ಟಿಕ್ಕಿನ ಹಾಗೆ ಕೂರುವಂಥದ್ದು. ಅದನ್ನೂ ಕಟ್ಟಿಸಿಕೊಂಡೆ. ಯಾಕೆಂದು ಸಾಹೇಬರು ಕೇಳಿದರು. ಬೆಲ್ಲ ಒಡೆಯಲಿಕ್ಕೆ ಎಂದೆ.

ಮೊದಲ ತೊಲೆ ಗುರುವಾರ ಸಂಜೆಯ ಮೊದಲೇ ಆಯಿತು. ಮಗುಚಿ ಹಾಕಿದ ತೊಲೆಯ ಮೇಲೆ ಸೀಳುಗಳ ಸಾಲು ಬಾಚಣಿಗೆಯ ಹಾಗೆ ಕಂಡಿತು. ಅಗಲದ ಉಳಿಗೆ ಕೊಡತಿಯ ಒಂದೊಂದು ಪೆಟ್ಟು ಬಿದ್ದಂತೆ ತುಂಡುಗಳು ಚಾಕಲೇಟಿನ ಹಾಗೆ ಉದುರಿದವು. ಒಳಬಾಗನ್ನು ಬಾಗು ಉಳಿ ತೆಗೆಯಿತು, ಒರಟನ್ನು ಅರ ತಿಂದಿತು. ಮಾಂಯ್ ಹೊರಗೆ ಬಂದರು. ಕನ್ನಡಕ ಹಾಕಿಕೊಳ್ಳಲಿಲ್ಲ. ಬಾಗಿನ ಮೇಲೆ ಹೆಬ್ಬೆರಳನ್ನು ಓಡಿಸಿದರು, ಮೇಲಿನಿಂದ ಕೊಕ್ಕಿನವರೆಗೆ. ಹೆಬ್ಬೆರಳು ಎಲ್ಲೂ ತಡೆಯಲಿಲ್ಲ. "ಹ್ಮ್. ಇನ್ನು ಐದು ಉಂಟು" ಎಂದು ಒಳಗೆ ಹೋದರು. ಆಚಾರಿ ಮಾತ್ರ ಅಂದು ಹೋಗುವಾಗ ತೊಲೆಗೆ ಒಂದು ಸುತ್ತು ಬಂದು, ದೂರ ನಿಂತು ನೋಡಿ, ಪುನಃ ಒಂದು ಸುತ್ತು ಬಂದರು.

ಶುಕ್ರವಾರ ಅವರು ಬೆಳಕು ಹರಿಯುವ ಮೊದಲೇ ಬಂದಿದ್ದರು. ಮೂರು ಗಂಟೆಗೆ ಐದು ತುದಿಗಳು ಮುಗಿದಿದ್ದವು. ಆರನೆಯದಕ್ಕೆ ಸೀಳು ಹಾಕಿ, ಉಬ್ಬಿನ ತುಂಡುಗಳನ್ನು ತೆಗೆದು, ಆಚಾರಿ ಚಹಾ ಕುಡಿಯಲು ಬಾವಿಕಟ್ಟೆಗೆ ಹೋದರು. ಇಲ್ಲಿಂದ ಮುಂದಿನದನ್ನು ಹೇಳದೆ ಬಿಡಬಹುದಿತ್ತು.

ಎರಡು ದಿನಗಳಿಂದ ಆ ತುಂಡುಗಳು ಉದುರುವುದನ್ನು ನೋಡಿ ನೋಡಿ ನನ್ನ ಕೈ ತುರಿಸುತ್ತಿತ್ತು. ಬೆಳಿಗ್ಗೆ ಒಮ್ಮೆ ಆಚಾರಿಯ ಹತ್ತಿರ ಕೇಳಿಯೂ ಇದ್ದೆ. "ಉಳಿ ಬೇರೆಯವರ ಕೈಗೆ ಕೊಡ್ಲಿಕ್ಕಿಲ್ಲ ಬಾಯಮ್ಮ. ಹಲ್ಲುಜ್ಜುವ ಬ್ರಷ್ ಕೊಡ್ತೀರಾ ನೀವು?" ಎಂದಿದ್ದರು. ಅದು ಅವರ ಕುಲದ ಪದ್ಧತಿ. ಆದರೆ ನನ್ನ ಉಳಿ ನನ್ನದೇ ತಾನೆ? ಬೆಲ್ಲದ ಡಬ್ಬಿಯ ಪಕ್ಕದಿಂದ ಅದನ್ನು ತಂದೆ. ಒಂದೇ ಒಂದು ತುಂಡು, ಕೊಕ್ಕಿನ ಹತ್ತಿರದ್ದು, ತೀರಾ ಸಣ್ಣದ್ದು. ಎಲ್ಲ ಯೋಚನೆ ನನ್ನದು, ಓಡಾಟ ನನ್ನದು, ಒಂದು ಪೆಟ್ಟಾದರೂ ನನ್ನದಿರಬಾರದೇ? ಆಚಾರಿ ಯಾವಾಗಲೂ ಉಬ್ಬಿನ ಕಡೆಯಿಂದ ಇಳಿಜಾರಿಗೆ ಉಳಿ ಹಿಡಿಯುತ್ತಿದ್ದರು. ನಾನು ನಿಂತ ಜಾಗಕ್ಕೆ ಅನುಕೂಲವಾಗಲೆಂದು ಕೊಕ್ಕಿನ ಕಡೆಯಿಂದ ಏರಿಗೆ ಹಿಡಿದೆ. ಕೊಡತಿಯಿಂದ ಒಂದು ಪೆಟ್ಟು, ಸಾಕಷ್ಟು ಮೃದುವಾಗಿಯೇ ಹೊಡೆದೆ. ಪಿಂಗಾಣಿ ಬಸಿ ಬಿರುಕು ಬಿಟ್ಟಾಗ ಬರುವಂಥ ಸದ್ದು ಬಂತು. ತುಂಡು ಹಾರಲಿಲ್ಲ. ಅದರ ಬದಲು ಮರದ ಎಳೆ ಹಿಡಿದು ಬಿರುಕು ಗೆರೆಯ ಕೆಳಗೆ, ಒಳಕ್ಕೆ, ಒಂದು ಇಂಚು ಇಳಿಯಿತು.

ಆಚಾರಿ ಚಹಾದ ಗ್ಲಾಸು ಹಿಡಿದುಕೊಂಡೇ ಬಂದರು. ಬಿರುಕನ್ನು ನೋಡಿದರು, ನನ್ನ ಕೈಯಲ್ಲಿದ್ದ ಉಳಿಯನ್ನು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗ್ಲಾಸನ್ನು ಕೆಳಗಿಟ್ಟು, ರಟ್ಟನ್ನು ತೊಲೆಯ ಮೇಲೆ ಇಟ್ಟು, ಸ್ವಲ್ಪ ಹಿಂದಕ್ಕೆ ಸರಿಸಿ, ಇನ್ನೂ ಸ್ವಲ್ಪ ಸರಿಸಿದರು. "ಒಂದೂವರೆ ಇಂಚು ಹಿಂದೆ ಹೋದ್ರೆ ಬಿರುಕು ಪೂರಾ ಕಳೀತದೆ. ಬಾಗು ಅದೇ ಬರ್ತದೆ. ಉಳಿದದ್ದಕ್ಕಿಂತ ಒಂದೂವರೆ ಇಂಚು ಗಿಡ್ಡ ಆಗ್ತದೆ, ಅಷ್ಟೆ. ಕೆಳಗಿನಿಂದ ಯಾರಿಗೆ ಗೊತ್ತಾಗ್ತದೆ?" ಆಮೇಲೆ ದನಿ ತಗ್ಗಿಸಿ, "ದೊಡ್ಡ ಬಾಯಮ್ಮನಿಗೆ ಹೇಳ್ಬೇಕೂಂತ ಇಲ್ಲ" ಎಂದರು.

ಹೇಳಬೇಕೆಂದಿರಲಿಲ್ಲ, ನಿಜ. ಕಿಟಕಿಯಲ್ಲಿ ಕೆಮ್ಮೂ ಇರಲಿಲ್ಲ. ಮಾಂಯ್ ನಿದ್ದೆ ಮಾಡುತ್ತಿದ್ದರು. ನಾನು ಸುಮ್ಮನಿದ್ದರೆ ಆರು ತೊಲೆಗಳೂ ನನ್ನವು. ಆದರೆ ನಿಯಮಕ್ಕೆ ಒಪ್ಪಿದವಳು ನಾನು. ಕಾನ್ವೆಂಟಿನ ಹುಡುಗಿಯರಿಗೆ ಇರುವ ಇನ್ನೊಂದು ಜಾಡ್ಯ ಇದು: ತಪ್ಪು ಮಾಡಿದ ಮೇಲೆ ಅದನ್ನು ಯಾರಿಗಾದರೂ ಹೇಳುವ ತನಕ ಊಟ ಇಳಿಯುವುದಿಲ್ಲ. ಒಳಗೆ ಹೋಗಿ ಮಾಂಯ್‌ಯನ್ನು ಎಬ್ಬಿಸಿದೆ. "ಆರನೆಯದು ಹಾಳಾಯಿತು" ಎಂದೆ. ಉಳಿ ಇನ್ನೂ ಕೈಯಲ್ಲೇ ಇತ್ತು.

ಅವರು ಎದ್ದು, ಈ ಸಲ ಕನ್ನಡಕ ಹಾಕಿಕೊಂಡು, ಅಂಗಳಕ್ಕೆ ಬಂದು ಬಿರುಕಿನ ಮೇಲೆ ಬಗ್ಗಿದರು. "ಆಚಾರಿ, ಹಾಳು ಮಾಡಿದ್ದು ನೀನಾ?"

ಆಚಾರಿ ತೊಲೆಯನ್ನು ನೋಡಿದರು, ಬಿಂಬುಲಿ ಮರವನ್ನು ನೋಡಿದರು. ಮೂಲೆಗೆ ಹೋಗಿ ಉಗುಳಲೂ ಇಲ್ಲ.

"ನಾನು ಮಾಂಯ್" ಎಂದೆ. "ನನ್ನ ಕೈ."

"ನೀನು?" ಮಾಂಯ್ ನೆಟ್ಟಗಾದರು. "ಉಳಿ ಹಿಡಿದು? ಈ ಸೀರೆ ಉಟ್ಟುಕೊಂಡು?" ನನ್ನ ಮೈಯಲ್ಲಿ ಸೆರಗಿನಿಂದ ಕಾಲಿನ ತನಕ ಮರದ ಪುಡಿ. ಅವರು ಪುನಃ ಬಗ್ಗಿ ಬಿರುಕಿನ ಮೇಲೆ ಹೆಬ್ಬೆರಳು ಓಡಿಸಿದರು. ಆರು ತೊಲೆಗಳೂ ನೆಟ್ಟಗಾಗುವುದನ್ನು ನಾನು ಆಗಲೇ ಮನಸ್ಸಿನಲ್ಲಿ ನೋಡಿ ಮುಗಿಸಿದ್ದೆ. "ನಾನು ನಿಯಮ ಹಾಕಿದ್ದು ಆಚಾರಿಯ ಕೈಗೆ" ಎಂದರು ಕೊನೆಗೆ. "ನೀನು ಕೈ ಹಾಕುತ್ತಿ ಅಂತ ಯಾರಿಗೆ ಗೊತ್ತಿತ್ತು? ನಿನ್ನ ಕೈಗೆ ನಾನು ನಿಯಮವನ್ನೇ ಮಾಡಲಿಲ್ಲ." ಆಚಾರಿಯ ಕಡೆ ತಿರುಗಿ, "ಗಿಡ್ಡ ಮಾಡಿದರೆ ಆಗುತ್ತದಾ?"

"ಆಗ್ತದೆ ದೊಡ್ಡ ಬಾಯಮ್ಮ. ಕಡೆಯ ಮೂಲೆಗೆ ಹಾಕಿದ್ರೆ ಯಾರಿಗೂ ಕಾಣ್ಲಿಕ್ಕಿಲ್ಲ."

"ಮೂಲೆಗೆ ಬೇಡ. ಈ ಕಡೆ ಹಾಕು, ನನ್ನ ಕಿಟಕಿಯ ಎದುರಿಗೆ."

"ಯಾಕೆ ಮಾಂಯ್?" ಎಂದೆ ನಾನು.

"ಈ ವಯಸ್ಸಿನಲ್ಲಿ ಮಲಗಿದ್ದಲ್ಲಿಂದ ನೋಡಿ ನಗಲಿಕ್ಕೆ ನನಗೂ ಎಂತಾದರೂ ಬೇಕಲ್ಲ ಬಾಯೆ" ಎಂದು ಅವರು ಒಳಗೆ ಹೋದರು. ಆಚಾರಿ ಸೂರ್ಯ ಮುಳುಗುವ ಹೊತ್ತಿಗೆ ಆರನೆಯದನ್ನು ಮುಗಿಸಿದರು. ಶನಿವಾರ ಎಂಟು ಜನ ಬಂದು, ಏಲೇಸ ಕೂಗಿ, ಆರನ್ನೂ ಮೇಲೆತ್ತಿದರು.

ಈಗ ಫಳ್ನೀರಿನಲ್ಲಿ ನಮ್ಮ ಮನೆಗೆ 'ಪಾರಿವಾಳದ ತೊಲೆಯ ಮನೆ' ಎಂದು ಗುರುತು ಹೇಳುವವರಿದ್ದಾರೆ. ಕದ್ರಿ ಗುಡ್ಡೆಯ ಕಡೆಯಿಂದ ಕೂಡ, ಮನೆ ಕಟ್ಟಿಸುವವರು ಒಬ್ಬರಿಬ್ಬರು ನೋಡಲು ಬಂದಿದ್ದಾರೆ. ಬಂದವರನ್ನು ನಾನು ಚಾವಡಿಯ ಆಚೆ ತುದಿಗೆ ಕರೆದೊಯ್ದು ನಿಲ್ಲಿಸುತ್ತೇನೆ. ಬಾಚಿ ಯಾಕಾಗದು, ಬಿಲ್ಲುಗರಗಸ ಯಾಕೆ ದಾರಿ ತಪ್ಪುತ್ತದೆ, ನೆಟ್ಟಗಿನ ಸೀಳಿನಿಂದ ದುಂಡು ಹೇಗೆ ಬರುತ್ತದೆ, ಉಳಿಯ ಬಾಯಿಯನ್ನು ಉಗುರಿನ ಮೇಲೆ ಹೇಗೆ ನೋಡಬೇಕು ಎಂದು ವಿವರವಾಗಿ ಹೇಳುತ್ತೇನೆ. ಗಂಡಸರೂ ತಲೆಯಾಡಿಸಿ ಕೇಳುತ್ತಾರೆ. "ಇಷ್ಟೆಲ್ಲ ಗೊತ್ತಿರಬೇಕಾದರೆ ನೀವೇ ಕೈ ಹಾಕಿದ್ದೀರೋ ಏನೋ?" ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಸರಿಯಾಗಿ ಆ ಹೊತ್ತಿಗೆ ಕಿಟಕಿಯ ಒಳಗಿನಿಂದ ಮಾಂಯ್‌ಗೆ ಕೆಮ್ಮು ಬರುತ್ತದೆ. ನಾನು ಚಹಾ ತರುತ್ತೇನೆಂದು ಹೇಳಿ ಒಳಗೆ ಹೋಗುತ್ತೇನೆ.